ಕೆನ್ನೆಗೆ ಒಣಗಿದ್ದು

ದಲೆಂದಾಳ ಬಲಗೈ ಭುಜದವರೆಗೂ ದೋಣಿಯ ಹೊಟ್ಟೆಯೊಳಗಿತ್ತು. ಹಿಂಬದಿಯ ಮೂಲೆಯಲ್ಲಿ, ನೆಲದ ಅಡಿಯಲ್ಲಿ, ಇನ್ನು ನಾಲ್ಕು ಬೆರಳಿನಷ್ಟು ಹಳೆಯ ಫೋಮ್ ಕೆತ್ತಿ ತೆಗೆದರೆ ಹೊಸ ತುಂಡು ಬಿಗಿಯಾಗಿ ಕೂರುತ್ತಿತ್ತು. ತಮ್ಮ ಹಾಸಿಗೆ ಅಂಗಡಿಯಲ್ಲಿ ಫೋಮ್ ಸೀಳುವ ಉದ್ದ ಚಾಕುವನ್ನೇ ಅವಳು ತಂದಿದ್ದಳು. ಕಿಂಡಿ ಎಷ್ಟು ಕಿರಿದೆಂದರೆ ತೋಳು ಒಳಗೆ ಹೋದ ಮೇಲೆ ಕಣ್ಣಿಗೆ ಜಾಗ ಉಳಿಯುತ್ತಿರಲಿಲ್ಲ. ಬೆರಳುಗಳೇ ನೋಡಬೇಕಿತ್ತು.

ಮೇಲ್ಪದರ ಸುಲಭವಾಗಿ ಬಂತು, ಒಣಗಿದ ರೊಟ್ಟಿಯ ಹಾಗೆ ಪುಡಿಪುಡಿಯಾಗಿ. ಚಾಕು ಇನ್ನೂ ಒಂದಿಷ್ಟು ಒಳಗೆ ಹೋದಾಗ ಸದ್ದು ಬದಲಾಯಿತು. ಕರಕರ ನಿಂತು, ಗಿಣ್ಣು ಕೊಯ್ದಂತೆ ಮೆತ್ತಗೆ ಇಳಿಯತೊಡಗಿತು. ಅವಳು ಚಾಕು ಬಿಟ್ಟು ಬೆರಳು ಚಾಚಿದಳು. ಬೆರಳ ತುದಿ ತಣ್ಣಗಾಯಿತು.

ಕೆಲಿಬಿಯಾ ಬಂದರಿನ ಮೇಲೆ ಬೆಳಗಿನಿಂದಲೇ ಬಿಸಿಲು ಸುರಿಯುತ್ತಿತ್ತು. ದೋಣಿಯ ಫೈಬರ್ ಮೈ ಬಾಣಲೆಯ ಹಾಗೆ ಕಾದಿತ್ತು. ತಣ್ಣಗಿರುವಂಥದ್ದು ಅದರೊಳಗೆ ಏನೂ ಇರಬಾರದಿತ್ತು.

ಅವಳು ಆ ತುಂಡನ್ನು ಬಿಡಿಸಿ ಹೊರಗೆಳೆದು ಮಡಿಲಲ್ಲಿ ಇಟ್ಟುಕೊಂಡಳು. ಒಂದು ಕಡೆ ತಿಳಿಹಳದಿ, ಹಗುರ. ಇನ್ನೊಂದು ಕಡೆ ಚಹಾದ ಬಣ್ಣ. ತೊಳೆಯದೆ ಬಿಟ್ಟ ಹೂದಾನಿಯ ವಾಸನೆ. ಅಂಗೈ ಗಾತ್ರದ ತುಂಡು ಇಡೀ ಒಂದು ಕಲ್ಲಂಗಡಿ ಹೋಳಿನಷ್ಟು ಭಾರವಿತ್ತು. ಹಿಂಡಿದಳು. ನೀರು ಬರಲಿಲ್ಲ. ದಿಂಬಿನ ಫೋಮ್ ಆಗಿದ್ದರೆ ಒಮ್ಮೆ ಹಿಂಡಿದರೆ ಬಿಟ್ಟುಕೊಡುತ್ತದೆ. ಇದು ಕುಡಿದದ್ದನ್ನು ಒಳಗೇ ಬಿಗಿಹಿಡಿದುಕೊಂಡಿತ್ತು. ಅವಳ ಲಂಗದ ಮೇಲೆ ಮಾತ್ರ ಒಂದು ಒದ್ದೆ ಕಲೆ ನಿಧಾನವಾಗಿ ಹರಡಿತು.

ದೋಣಿಯನ್ನು ನೀರಿಗಿಳಿಸಲು ನಾಳೆ ಮಧ್ಯಾಹ್ನ ಕ್ರೇನ್ ಬರುವುದಿತ್ತು. ನಾಡಿದ್ದು ಬೆಳಿಗ್ಗೆ ಬಂದರಿನ ಹಾಯಿದೋಣಿ ಕ್ಲಬ್ಬಿನ ದೋಣಿಗಳೆಲ್ಲ ಒಟ್ಟಾಗಿ ಕಡಲು ದಾಟಿ, ಇಟಲಿಯವರ ಕೌಸ್ರಾ ದ್ವೀಪಕ್ಕೆ ಹೊರಡುವುದಿತ್ತು. ಈ ದೋಣಿಯಲ್ಲಿ ಅವಳ ಗಂಡ ಮೊಂಧರ್ ಮತ್ತು ಮಗಳು ಎಮ್ನಾ, ಇಬ್ಬರೇ.

ಈ ಹಾಯಿದೋಣಿ ಕ್ಲಬ್ಬಿನ ಹಿಂದೆ ವರ್ಷಗಟ್ಟಲೆ ಆಕಾಶಕ್ಕೆ ಬಾಯಿ ತೆರೆದು ಬಿದ್ದಿತ್ತು. ಹೊರಗೊಂದು ಚಿಪ್ಪು, ಒಳಗೊಂದು ಚಿಪ್ಪು. ನಡುವೆ ಎರಡೂ ಬದಿಗೆ ಫೋಮ್ ತುಂಬಿಸಿ ಕಟ್ಟಿದ್ದು. ಅಲೆಗೆ ಮಗುಚಿ ದೋಣಿಯ ತುಂಬ ನೀರಾದರೂ ಅದು ಮುಳುಗದಂತೆ ಹಿಡಿದಿಡುವುದು ಆ ಫೋಮೇ. ಆದರೆ ಎಷ್ಟೋ ಚಳಿಗಾಲದ ಮಳೆ ಸಣ್ಣಸಣ್ಣ ತೂತುಗಳಿಂದ ಅದರೊಳಗೆ ಇಳಿದಿತ್ತು. ಮೊಂಧರ್ ವಸಂತದಲ್ಲಿ ದೋಣಿಯ ಒಳನೆಲವನ್ನು ಎರಡೂ ಬದಿ ಉದ್ದಕ್ಕೆ ಕೊಯ್ದು ತೆರೆದಾಗ ಒಳಗೆ ಕೊಳದ ಹಾಗೆ ನೀರು ನಿಂತಿತ್ತು. ನೋಡಿದವರು ಫೋಮನ್ನು ಪೂರ್ತಿ ಕಿತ್ತು ಹೊಸದು ತುಂಬು ಎಂದರು. ಮೊಂಧರ್ ನಕ್ಕ. ಅವನು ಹಾಸಿಗೆ ಮಾಡುವವನ ಮಗ. ಮದುವೆಯ ಹಾಸಿಗೆಗೆಂದು ಹೆಂಗಸರು ಕಡಲಲ್ಲಿ ತೊಳೆದು ತರುವ ಉಣ್ಣೆಯನ್ನು ಬಿಡಿಸಿ, ಹರಡಿ, ತೆಂಕಣ ಮರಳುಗಾಡಿನ ಬಿಸಿಗಾಳಿಗೆ ಒಣಗಿಸಿಯೇ ಬೆಳೆದವನು. ಆ ಗಾಳಿಗೆ ಒಣಗದೇ ಇರುವ ವಸ್ತು ಲೋಕದಲ್ಲಿ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಿಂತ ನೀರನ್ನು ಬಳಿದು, ನೆಲ ತೆರೆದಿಟ್ಟು, ಫೋಮಿಗೆ ಕಬ್ಬಿಣದ ಸರಳಿನಿಂದ ತೂತು ಹಾಕಿ, ಬಿಸಿಗಾಳಿ ಬೀಸಿದಷ್ಟು ಕಾಲ ಹಾಗೇ ಬಿಟ್ಟ. ಆಮೇಲೆ ಅಪ್ಪ ಕಲಿಸಿದ ರೀತಿಯಲ್ಲೇ ಪರೀಕ್ಷೆ ಮಾಡಿದ. ಸೂಜಿ ಹಿಡಿದು ಒರಟಾದ ಅಂಗೈಗೆ ತೇವ ತಿಳಿಯುವುದಿಲ್ಲವೆಂದು ಅವರ ಅಂಗಡಿಯಲ್ಲಿ ಉಣ್ಣೆಗೆ ಕೆನ್ನೆಯಿಟ್ಟು ನೋಡುವುದು ರೂಢಿ. ಮೊಂಧರ್ ದೋಣಿಯ ಉದ್ದಕ್ಕೂ ಮಂಡಿಯೂರಿ, ಗೇಣುಗೇಣಿಗೆ ಕೆನ್ನೆಯಿಟ್ಟ. ದಲೆಂದಾಳನ್ನೂ ಕರೆದ. ಅವಳೂ ಇಟ್ಟು ನೋಡಿದಳು. ಬೆಚ್ಚಗೆ, ಒಣಗಿತ್ತು. ಅವತ್ತೇ ಅವನು ನೆಲ ಮುಚ್ಚಿ, ಗಾಜಿನ ಎಳೆಯ ಬಟ್ಟೆ ಹಾಸಿ, ರೆಸಿನ್ ಅಂಟು ಬಳಿದ. ಉಳಿದದ್ದು ಈ ಮೂಲೆಯೊಂದೇ. ಈ ಕಿಂಡಿಯ ಮುಚ್ಚಳ ಬರುವುದು ತಡವಾಯಿತೆಂದು.

"ಮೊಂಧರ್, ಇಲ್ಲಿ ಬಾ."

ಅವನು ಕೆಳಗೆ ನೆರಳಿನಲ್ಲಿ ಚುಕ್ಕಾಣಿ ಉಜ್ಜುತ್ತಿದ್ದ. "ಕೂತ್ಕೊಳ್ತಾ ತುಂಡು?"

"ಬಾ ಅಂದೆ."

ಅವನು ಏಣಿ ಹತ್ತಿ ಬಂದು, ಅವಳ ಮಡಿಲಲ್ಲಿದ್ದುದನ್ನು ನೋಡಿದ. ಎತ್ತಿಕೊಂಡ. ಅವನ ಕೈ ಅರಿವಿಲ್ಲದೆ ಒಮ್ಮೆ ಕೆಳಕ್ಕೆ ಜಗ್ಗಿದ್ದನ್ನು ಅವಳು ನೋಡಿದಳು.

"ಮೂಲೆ ಇದು," ಎಂದ. "ಇಡೀ ದೋಣಿಗೆ ಇದೇ ತಗ್ಗು. ಇದ್ದಬದ್ದ ನೀರೆಲ್ಲ ಇಳಿದು ಇಲ್ಲಿ ನಿಂತಿದೆ. ಇದಿಷ್ಟು ಕಿತ್ತು ಹಾಕು, ಮುಗೀತು."

"ಮೇಲೆ ಒಣಗಿದೆ, ಒಳಗೆ ಒಣಗಿಲ್ಲ. ಇಲ್ಲಿ ಹೀಗಿದ್ರೆ ಮುಚ್ಚಿರೋ ಕಡೆ ಹೇಗಿರತ್ತೆ?"

"ಆ ಕಡೆ ನಾನೇ ನೋಡಿದೀನಿ. ನೀನೂ ನೋಡಿದೀಯ."

"ಕೆನ್ನೆಯಿಟ್ಟು ನೋಡಿದ್ವಿ. ಕೊಯ್ದು ನೋಡ್ಲಿಲ್ಲ. ಉಣ್ಣೆಯೊಳಗೆ ಗಾಳಿ ಆಡತ್ತೆ, ಮೊಂಧರ್. ಇದರೊಳಗೆ ಎಲ್ಲಿ ಆಡತ್ತೆ?"

ಅವನು ತುಂಡನ್ನು ಏಣಿಯಾಚೆ ಎಸೆದ. ಅದು ನೆಲಕ್ಕೆ ಬಿದ್ದ ಸದ್ದು ಫೋಮಿನದಾಗಿರಲಿಲ್ಲ.

"ದಲೆಂದಾ, ನಾಡಿದ್ದು ಹೊರಡೋದು. ನಾಡಿದ್ದು! ಈಗ ನೆಲ ಕೊಯ್ಯಿ ಅಂತೀಯಾ?"

"ಕೊಯ್ಯಿ ಅಂತ ನಾನಿನ್ನೂ ಹೇಳ್ಲಿಲ್ಲ."

"ಮುಖ ಹೇಳ್ತಾ ಇದೆ."

ಬಂದರಿನ ಕಾಫಿ ಅಂಗಡಿಯಲ್ಲಿ ಈ ದೋಣಿಗೆ 'ಮೊಂಧರನ ಹಾಸಿಗೆ' ಎಂದು ಹೆಸರಿಟ್ಟಿದ್ದರು. ಹೋದ ವರ್ಷವೂ ಹೊರಡುತ್ತೇನೆಂದು ಹೇಳಿ ಹೊರಟಿರಲಿಲ್ಲ. ಇಸ್ಪೀಟಿನ ಮೇಜಿಗೆ ಅವನು ಬಂದು ಕೂತರೆ ಯಾರಾದರೊಬ್ಬರು ಆಕಳಿಸಿ, ಹಾಸಿಗೆ ರೆಡಿನಾ ಎಂದು ಕೇಳುತ್ತಿದ್ದರು. ಅವನೂ ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ. ಇದೆಲ್ಲ ದಲೆಂದಾಳಿಗೆ ಗೊತ್ತಿತ್ತು. ಅದಕ್ಕೇ ಅವಳು ಮತ್ತೆ ಮಾತಾಡದೆ ಕೆಳಗಿಳಿದಳು.

ಫೈಬರಿನ ಗಾಜಿನ ಎಳೆಗಳು ಚುಚ್ಚಿ ತೋಳೆಲ್ಲ ಉರಿಯುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಿಟ್ಟಿನ ಉಂಡೆ ತೆಗೆದು ತೋಳಿನ ಮೇಲೆ ಉರುಳಿಸುತ್ತ ನೆರಳಿಗೆ ಕೂತಳು. ಎಳೆಗಳು ಹಿಟ್ಟಿಗೆ ಅಂಟಿಕೊಂಡು ಬಂದವು. ಎಮ್ನಾ ಬರುವುದು ಕಾಣಿಸಿತು. ಒಂದು ಕೈಯಲ್ಲಿ ಟೂನಾ ಮೀನು ತುಂಬಿದ ಕರಿದ ಬನ್ನುಗಳ ಪೊಟ್ಟಣ, ಇನ್ನೊಂದರಲ್ಲಿ ಚೀಲದ ತುಂಬ ಹಗ್ಗ. ಹತ್ತೊಂಬತ್ತರ ಹುಡುಗಿ, ಬಿಸಿಲಿಗೆ ಮೂಗು ಸುಲಿದಿತ್ತು. ಕ್ಲಬ್ಬಿನಲ್ಲಿ ಗಂಡುಹುಡುಗರೂ ಅವಳಿಗಿಂತ ಹಿಂದೆ ಬೀಳುತ್ತಿದ್ದರು, ಕಡಲ ಮೇಲೆ.

"ಉಮ್ಮಿ, ಇದೇನು ಬಕೆಟ್ಟು?"

ದಲೆಂದಾ ಬಕೆಟ್ಟಿನಲ್ಲಿ ಕಡಲ ನೀರು ತಂದಿಟ್ಟಿದ್ದಳು. ಹೊಸ ಫೋಮಿನ ಒಂದು ತುಂಡನ್ನು ಅದರಲ್ಲಿ ಬಿಟ್ಟಳು. ಬಾತುಕೋಳಿಯ ಹಾಗೆ ಮೇಲೆಯೇ ಕೂತಿತು. ಎಸೆದ ತುಂಡನ್ನು ಹುಡುಕಿ ತಂದು, ಮೇಲಿನ ಒಣ ಪದರವನ್ನು ಕೊಯ್ದು ತೆಗೆದು, ಉಳಿದದ್ದನ್ನು ಬಿಟ್ಟಳು. ಅದು ನೀರಿನ ಮಟ್ಟಕ್ಕೆ ಇಳಿಯಿತು. ಮೇಲೆ ಏನೂ ಉಳಿಯಲಿಲ್ಲ. ಎಮ್ನಾ ಒಂದು ಬೆರಳಿಂದ ಒತ್ತಿದಳು. ಅದು ತಳಕ್ಕೆ ಹೋಗಿ, ಬಹಳ ಹೊತ್ತು ಯೋಚಿಸಿ ಅರ್ಧಕ್ಕೆ ಬಂತು.

"ಇದು ನಿಮ್ಮನ್ನ ತೇಲಿಸೋದು," ಎಂದಳು ದಲೆಂದಾ.

ಮಗಳ ಮುಖದಲ್ಲಿ ಏನೋ ಬಂದು ಹೋಯಿತು. ನಂತರ ಅವಳು ಮೇಲೆ ನೋಡಿದಳು. "ಬಾಬಾ ನೋಡಿದ್ರಾ?"

"ನೋಡಿದೆ ತಾಯಿ, ನೋಡಿದೆ," ಮೊಂಧರ್ ಮೇಲಿನಿಂದ ಕೂಗಿದ. "ಮೂಲೆಯದು. ನಿಮ್ಮಮ್ಮನಿಗೆ ಬಕೆಟ್ಟಲ್ಲೂ ಬಿರುಗಾಳಿ ಕಾಣತ್ತೆ."

ಎಮ್ನಾ ನಕ್ಕಳು. ಜೋರಾಗಿ ಏನಲ್ಲ. "ಹೌದು ಉಮ್ಮಿ, ನೀನು ಹೆಬ್ಬೆರಳು ಒದ್ದೆಯಾದ್ರೂ ಮುಳುಗಿದೆ ಅಂತೀಯ."

ಈ ಮನೆಯಲ್ಲಿ ದಲೆಂದಾ ಹೆದರುವವಳು. ಅದು ಯಾವಾಗ ನಿಶ್ಚಯವಾಯಿತೋ, ಯಾರು ನಿಶ್ಚಯಿಸಿದರೋ. ಮೊಂಧರ್ ತಮಾಷೆಯವನು, ಎಮ್ನಾ ಧೈರ್ಯಸ್ಥೆ, ಅವಳು ಹೆದರುವವಳು. ಊಟದ ಮೇಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಇರುವ ಹಾಗೆ. ಎಮ್ನಾಗೆ ಜ್ವರ ಏರಿದ್ದನ್ನು ಮೊದಲು ಹೇಳಿದಾಗಲೂ, ಅಂಗಡಿಯ ಹಿಂದಿನ ಗೋಡೆ ಬಿರಿಯುತ್ತಿದೆ ಎಂದಾಗಲೂ ಅದು ಅವಳ ಹೆದರಿಕೆಯೇ ಆಗಿತ್ತು. ಜ್ವರ ನಿಜವಾಯಿತು, ಗೋಡೆಯೂ ಬಿತ್ತು, ಅವಳ ಹೆದರಿಕೆ ಮಾತ್ರ ಹೆದರಿಕೆಯಾಗಿಯೇ ಉಳಿಯಿತು. ಅವಳಿಗೇ ಈಗ ಅನುಮಾನ ಬರುತ್ತಿತ್ತು. ಗಂಡ ಹೇಳಿದ್ದು ಸರಿಯಿದ್ದರೆ? ನೀರು ತಗ್ಗಿಗೆ ಇಳಿಯುವುದು ಸುಳ್ಳಲ್ಲವಲ್ಲ. ಆ ಕಡೆ ಒಣಗಿದ್ದರೆ, ಸುಮ್ಮನೆ ಇಬ್ಬರ ಸಂತೋಷವನ್ನೂ ಕೆಡಿಸಿದಂತಾಗುತ್ತದೆ.

ಅವಳು ಮತ್ತೆ ದೋಣಿ ಹತ್ತಿದಳು. ಎಡಬದಿಯ ನೆಲವನ್ನು ಚಾಕುವಿನ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಬಂದಳು. ಮುಂದೆ ಟಕ್ ಟಕ್ ಎಂದಿತು. ನಡುವಿಗೆ ಬಂದಾಗ ದಪ್ಪ ಕಂಬಳಿಯ ಮೇಲೆ ಗುದ್ದಿದ ಹಾಗಾಯಿತು. ಅದು ಹಿಂದಿನ ತುದಿಯವರೆಗೂ ಹಾಗೆಯೇ ಇತ್ತು.

ಡ್ರಿಲ್ ಅಲ್ಲೇ ಬಿದ್ದಿತ್ತು. ದೋಣಿಯ ನಡುವೆ, ಒಳಗೆ ಬಂದ ನೀರನ್ನು ಬಳಿದು ಹಾಕಲೆಂದು ಒಂದು ಗುಂಡಿ ಇರುತ್ತದೆ. ಅದರ ಎಡಗೋಡೆಯ ಆಚೆಗಿರುವುದು ಎಡಬದಿಯ ಫೋಮ್. ಅವಳು ಗುಂಡಿಯೊಳಗೆ ಬಾಗಿ, ಆ ಗೋಡೆಯ ಬುಡಕ್ಕೆ ಮೊನೆ ಇಟ್ಟು ಒತ್ತಿದಳು.

"ಏನ್ ಮಾಡ್ತಿದೀಯ? ಏಯ್!" ಮೊಂಧರ್ ಹಾರಿ ಬಂದ.

ಮೊನೆ ಒಳಹೊಕ್ಕಿತ್ತು. ಅವಳು ಎಳೆದಳು. ಬಿಳಿ ಪುಡಿ ಉದುರಿತು. ಏನೂ ಆಗಲಿಲ್ಲ. ಇಬ್ಬರೂ ಆ ತೂತನ್ನೇ ನೋಡುತ್ತ ಬಗ್ಗಿದ್ದರು. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಆಗಲೇ ತೂತಿನ ಕೆಳತುಟಿ ಕಪ್ಪಾಯಿತು. ಒಂದು ಹನಿ ಊದಿಕೊಂಡು ನಿಂತಿತು, ಬಿತ್ತು. ಇನ್ನೊಂದು. ಚಹಾದ ಬಣ್ಣ, ಅದೇ ವಾಸನೆ.

ಹೇಳುವುದನ್ನೆಲ್ಲ ಆ ಹನಿಯೇ ಹೇಳುತ್ತಿದೆ ಎಂದುಕೊಂಡಳು ದಲೆಂದಾ.

ಮೊಂಧರ್ ಬೆರಳಿನಿಂದ ಒರೆಸಿದ. ಮತ್ತೆ ಬಂತು. ಅವನ ಕತ್ತಿನ ನರ ಎದ್ದಿತ್ತು. ಆಮೇಲೆ ಅವನ ಮುಖ ಹೇಗೆ ಸಡಿಲವಾಯಿತೆಂದರೆ, ಅವಳಿಗೆ ಆ ಹನಿಗಿಂತ ಅದೇ ಹೆಚ್ಚು ಭಯವಾಯಿತು.

"ನೋಡಿದ್ಯಾ," ಎಂದ, "ಇಳೀತಾ ಇದೆ! ಉಳಿದಿದ್ದೂ ಇಳಿದುಹೋಗತ್ತೆ. ಒಳ್ಳೇದೇ ಮಾಡ್ದೆ. ಸಂಜೆವರೆಗೆ ಬಿಡೋಣ, ಆಮೇಲೆ ರೆಸಿನ್ ಹಚ್ಚಿ ಮುಚ್ತೀನಿ."

"ಇಳೀತಿರೋದು ಸುತ್ತ ನಿಂತ ನೀರು. ಫೋಮ್ ಕುಡಿದಿದ್ದು ಇಳಿಯಲ್ಲ. ಆ ತುಂಡು ಹಿಂಡಿದೆ ನಾನು, ಒಂದು ಹನಿ ಬರ್ಲಿಲ್ಲ."

"ಹಿಂಡೋಕೆ ನಿನ್ನ ಕೈ ಎಷ್ಟು, ಗಾಳಿ ಎಷ್ಟು!"

"ಮೊಂಧರ್, ಅಲ್ಲಿ ಕಡಲ ನಡುವೆ ಮಗುಚಿದ್ರೆ..."

"ಮಗುಚಲ್ಲ."

"ಮಗುಚಿದ್ರೆ, ನೀರು ತುಂಬಿದ್ರೆ, ಇದು ಮೇಲೆ ನಿಲ್ಲಲ್ಲ. ಕೆಳಗೆ ಎಳೆಯತ್ತೆ."

"ಸಾಕು!" ಅವನ ದನಿಗೆ ಪಕ್ಕದ ಬಲೆಗಳ ಮೇಲಿದ್ದ ಬೆಕ್ಕುಗಳು ಎದ್ದವು. ಆಮೇಲೆ ತಗ್ಗಿದ ದನಿಯಲ್ಲಿ, "ಅವಳ ಮುಂದೆ ಹೀಗೆಲ್ಲ ಮಾತಾಡ್ಬೇಡ. ಕಡಲಿಗೆ ಹೋಗೋ ಹುಡುಗಿ ಮನಸ್ಸಿನಲ್ಲಿ ಅನುಮಾನ ಬಿತ್ತಬಾರ್ದು. ಅದೇ ಮುಳುಗಿಸೋದು."

ಅಷ್ಟರಲ್ಲಿ ಅವನ ಅಣ್ಣ ಶೆದ್ಲಿ, ಬಂದರಿನ ಕ್ರೇನ್ ನಡೆಸುವವನು, ದೋಣಿಯ ಹೊಟ್ಟೆಗೆ ಹಾಕುವ ಪಟ್ಟಿಗಳ ಅಳತೆ ನೋಡಲು ಬಂದ. ಹೆಗಲ ಮೇಲೆ ಪಟ್ಟಿ, ಕಿವಿಯ ಹಿಂದೆ ಮಲ್ಲಿಗೆ ಮೊಗ್ಗಿನ ಗೊಂಚಲು.

"ಏನಪ್ಪಾ ಹಾಸಿಗೆ, ಎದ್ದಿದೀಯಾ?" ಎಂದು ದೋಣಿಯನ್ನು ತಟ್ಟಿದ. "ಯಾಕೆ ಗಂಡ ಹೆಂಡ್ತಿ ಮುಖ ಹಿಂಗಿದೆ?"

"ನಿಮ್ಮ ತಮ್ಮನನ್ನ ಕೇಳಿ," ಎಂದಳು ದಲೆಂದಾ. "ಎಡಗಡೆ ಫೋಮ್ ನೀರು ಕುಡಿದಿದೆ."

"ಮೂಲೆ," ಎಂದ ಮೊಂಧರ್.

ಶೆದ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಕಣ್ಣು ಬಕೆಟ್ಟಿನ ಮೇಲೆ ಒಂದು ಕ್ಷಣ ನಿಂತದ್ದನ್ನು ಅವಳು ಗಮನಿಸಿದಳು. ಅಣ್ಣ ಹೇಳಿದರೆ ಇವನು ಕೇಳುತ್ತಾನೆ. ಹೇಳು, ಎಂದುಕೊಂಡಳು ಅವಳು, ಒಂದು ಮಾತು ಹೇಳು.

"ದಲೆಂದಾ," ಎಂದ ಶೆದ್ಲಿ, "ನೀನು ಬಿಡು, ನೆಲದ ಮೇಲೆ ನಿಂತಿರೋ ದೋಣಿಯಲ್ಲೇ ಮುಳುಗೋಳು."

ಗಂಡಸರಿಬ್ಬರೂ ನಕ್ಕರು. ಮೊಂಧರನ ನಗು ಸ್ವಲ್ಪ ಹೆಚ್ಚೇ ಹೊತ್ತು ಇತ್ತು. ಎಮ್ನಾ ಈ ಸಲ ನಗಲಿಲ್ಲ. ಹಗ್ಗದ ತುದಿಗೆ ದಾರ ಸುತ್ತುತ್ತ ತಲೆ ತಗ್ಗಿಸಿದ್ದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ಬಿಸಿಲು ಕೋಟೆಯ ಗುಡ್ಡದ ಕಡೆ ಸರಿಯುವವರೆಗೂ ತೂತಿನಿಂದ ಹನಿ ಬೀಳುತ್ತಿತ್ತು. ದಲೆಂದಾ ಮೂಲೆಯನ್ನು ಕೈಗೆ ಸಿಕ್ಕಷ್ಟು ಕೆತ್ತಿ ತೆಗೆದು ಹೊಸ ಫೋಮ್ ಕೂರಿಸಿದಳು, ಮುಚ್ಚಳ ಬಿಗಿದಳು. ಕೆಲಸ ಕೈಗೆ ಗೊತ್ತಿತ್ತು, ಅದು ತನ್ನಷ್ಟಕ್ಕೆ ನಡೆಯಿತು. ಆಗಾಗ ಬಗ್ಗಿ ಗುಂಡಿಯೊಳಗೆ ನೋಡುತ್ತಿದ್ದಳು. ಪ್ರತಿ ಸಲವೂ ಈಗ ನಿಂತಿರಲಿ ಎಂದು ಬೇಡಿಕೊಂಡಳು. ನಿಂತಿದ್ದರೆ ಗಂಡ ಹೇಳಿದ್ದೇ ಸರಿಯಾಗುತ್ತಿತ್ತು, ತಾನು ಹೆದರುಪುಕ್ಕಲಿಯಾಗಿ ಹಾಯಾಗಿ ಮನೆಗೆ ಹೋಗಿ ಅಡುಗೆ ಮಾಡಬಹುದಿತ್ತು.

ನಿಂತಿರಲಿಲ್ಲ.

ಸಂಜೆ ಮೊಂಧರ್ ಡಬ್ಬಿಯಲ್ಲಿ ರೆಸಿನ್ ಕಲಸಿದ. ಎಮ್ನಾ ಡಬ್ಬಿ ಹಿಡಿದುಕೊಂಡಳು. ಅವನು ತೂತನ್ನು ಒರೆಸಿ, ಬಟ್ಟೆಯ ಬತ್ತಿ ತುರುಕಿ, ಮೇಲೆ ರೆಸಿನ್ ಮೆತ್ತಿದ. ಒಂದು ಹನಿ ಅದರ ಅಡಿಯಿಂದಲೇ ನುಸುಳಿ ಬಂತು. ಅವನು ಇನ್ನಷ್ಟು ಮೆತ್ತಿ ಹೆಬ್ಬೆರಳಿನಿಂದ ಅದುಮಿ ಹಿಡಿದ. ಗಟ್ಟಿಯಾಗುವವರೆಗೂ ಹಾಗೇ ಹಿಡಿದಿದ್ದ, ಯಾರ ಕಡೆಯೂ ನೋಡದೆ. ಅವನಿಗೆ ಗೊತ್ತಿದೆ, ಎಂದು ದಲೆಂದಾಳಿಗೆ ಆಗ ಹೊಳೆಯಿತು. ಗೊತ್ತಿಲ್ಲದವನು ಅಷ್ಟು ಬಲವಾಗಿ ಅದುಮುವುದಿಲ್ಲ. ಅವಳೊಳಗಿನ ಸಿಟ್ಟು ಆ ಹೆಬ್ಬೆರಳನ್ನು ನೋಡುತ್ತ ನೋಡುತ್ತ ಬೇರೇನೋ ಆಯಿತು.

ಅವನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಎಮ್ನಾ ತಾಯಿಯ ಪಕ್ಕ ಬಂದು ನಿಂತಳು.

"ಉಮ್ಮಿ, ನಿಜವಾಗ್ಲೂ ಅಷ್ಟು ಕೆಟ್ಟದಾಗಿದ್ಯಾ?"

"ನೀನು ಬಕೆಟ್ಟಲ್ಲಿ ನೋಡಿದ್ಯಲ್ಲ."

"ನೋಡ್ದೆ." ಅವಳು ಬೆರಳಿಗಂಟಿದ ರೆಸಿನ್ ಕೀಳುತ್ತಿದ್ದಳು. "ಆದ್ರೆ ನಾನು ಬರಲ್ಲ ಅಂದ್ರೆ ಬಾಬಾ ಒಬ್ಬರೇ ಹೋಗ್ತಾರೆ. ಅದು ನಿಂಗೆ ಗೊತ್ತು ತಾನೇ? ನಾನಿದ್ರೆ ಸ್ವಲ್ಪ ವಾಸಿ."

ದಲೆಂದಾ ಮಗಳ ಸುಲಿದ ಮೂಗನ್ನೇ ನೋಡಿದಳು. ಧೈರ್ಯ ಎಂದು ಮನೆಯವರೆಲ್ಲ ಇಷ್ಟು ದಿನ ಕರೆದದ್ದರ ಒಳಗೂ ಏನಿತ್ತೆಂದು ಯಾರೂ ಕೊಯ್ದು ನೋಡಿರಲಿಲ್ಲ. ಇವಳೂ ಅಪ್ಪನ ಮುಖ ನೋಡಿಕೊಂಡೇ ಹೊರಟವಳು.

"ಲೈಫ್ ಜಾಕೆಟ್ ಹಾಕ್ಕೊಂಡೇ ಇರ್ತೀವಿ," ಎಂದಳು ಎಮ್ನಾ. "ಬಿಡು ಉಮ್ಮಿ. ಆ ಖಾರದ ಚಟ್ನಿ ಒಂದು ಡಬ್ಬಿ ಕಟ್ಟಿಕೊಡು, ದ್ವೀಪದವರ ಊಟ ಸಪ್ಪೆಯಂತೆ."

"ಕೊಡ್ತೀನಿ."

ಮೊಂಧರ್ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದ. ಮುಖ ತೊಳೆದು ಹೊಸಬನಾಗಿದ್ದ. ಕಾಫಿ ಅಂಗಡಿಯಲ್ಲಿ ಇವತ್ತು ತಾನೇ ಎಲ್ಲರಿಗೂ ಚಹಾ ಕೊಡಿಸುವುದೆಂದು ಘೋಷಿಸಿದ. "ನಾಳೆ ಈ ಹೊತ್ತಿಗೆ ಹಾಸಿಗೆ ನೀರಲ್ಲಿರತ್ತೆ. ಬಾಯಿಮುಚ್ಚಿಕೊಂಡು ನೋಡ್ತಾರೆ ನನ್ಮಕ್ಳು." ಆಮೇಲೆ ಹೆಂಡತಿಯ ಕಡೆ ತಿರುಗಿ, ಮೆಲ್ಲಗೆ, "ಇನ್ನೂ ಸಿಟ್ಟಾ?"

"ಇಲ್ಲ."

"ಸಾಮಾನೆಲ್ಲ ಪೆಟ್ಟಿಗೆಗೆ ಹಾಕು, ಬೀಗ ಹಾಕಿ ಹೋಗ್ತೀನಿ."

"ಗರಗಸ, ಚಾಕು ಒರೆಸಬೇಕು. ನಾನು ಮನೆಗೆ ತಗೊಂಡ್ ಹೋಗ್ತೀನಿ. ನೀನು ಹೊರಡು."

ಅವನು ಮಗಳ ಹೆಗಲ ಮೇಲೆ ಕೈಹಾಕಿಕೊಂಡು ನಡೆದ. ಅವರಿಬ್ಬರ ಬೆನ್ನೂ ಒಂದೇ ರೀತಿ ಓಲಾಡುತ್ತ ಐಸ್ ಕಾರ್ಖಾನೆಯ ತಿರುವಿನಲ್ಲಿ ಮರೆಯಾಯಿತು.

ಶೆದ್ಲಿ ಕ್ರೇನಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ದಲೆಂದಾ ಅಂಗಳದಲ್ಲಿ ಬಿದ್ದಿದ್ದ ಫೋಮಿನ ಪುಡಿಯನ್ನೆಲ್ಲ ಗುಡಿಸಿ ಒಂದೆಡೆ ರಾಶಿ ಹಾಕಿದಳು. ದೋಣಿಯೊಳಗೆ ಹೋಗಿ ಎಡಬದಿಯ ನೆಲದ ಮೇಲೆ ಬೆರಳಾಡಿಸಿದಳು. ವಸಂತದಲ್ಲಿ ಮೊಂಧರ್ ಕೊಯ್ದು ಮತ್ತೆ ಸೇರಿಸಿದ ಗೆರೆ ಬಣ್ಣದ ಅಡಿಯಲ್ಲೂ ಕೈಗೆ ಸಿಗುತ್ತಿತ್ತು. ಅಲ್ಲೇ ಕೊಯ್ದರೆ ಅಂಚು ಹಾಳಾಗುವುದಿಲ್ಲ. ಮತ್ತೆ ಮುಚ್ಚುವಾಗ ಅವನಿಗೆ ಕಷ್ಟವಾಗುವುದಿಲ್ಲ. ಮುಂದಿನ ತುದಿಯಿಂದ ಹಿಂದಿನ ತುದಿವರೆಗೆ ಒಂದೇ ನೇರ ಗೆರೆ. ಕ್ರೇನ್ ಬರುವ ಹೊತ್ತಿಗೆ ಯಾವ ರೆಸಿನ್ನೂ ಅದನ್ನು ಮುಚ್ಚಲಾರದು.

ಊರು ಏನು ಹೇಳುತ್ತದೆಂದು ಅವಳಿಗೆ ಗೊತ್ತಿತ್ತು. ಹೆದರಿಕೆ ತಲೆಗೇರಿ ಗಂಡನ ದೋಣಿ ಒಡೆದವಳು. ಕಾಫಿ ಅಂಗಡಿಗೆ ವರ್ಷಗಟ್ಟಲೆ ಸಾಲುವಷ್ಟು ನಗು. ಮೊಂಧರ್ ಎಷ್ಟು ದಿನ ಮಾತು ಬಿಡುತ್ತಾನೋ, ಮಾತಾಡಿದ ಮೇಲೂ ಏನು ಬಿಡುತ್ತಾನೋ. ಎಮ್ನಾ ಯಾವ ಕಡೆ ನಿಲ್ಲುತ್ತಾಳೋ. ಒಂದೊಂದನ್ನೇ ಮನಸ್ಸಿನಲ್ಲಿ ಎತ್ತಿ ನೋಡಿದಳು. ಎಲ್ಲವೂ ಭಾರವೇ, ಆದರೆ ಎತ್ತಲಾಗದಷ್ಟಲ್ಲ.

ಕೆಳಗಿಳಿದು, ವಸಂತದಲ್ಲಿ ಮೊಂಧರ್ ನೆಲ ಕೊಯ್ದಿದ್ದ ಕರೆಂಟಿನ ಗ್ರೈಂಡರನ್ನು ಅದರ ತಂತಿ ಸಮೇತ ಉಣ್ಣೆಯ ಚೀಲಕ್ಕೆ ಹಾಕಿಕೊಂಡಳು. ಕೊಯ್ಯುವ ಬಿಲ್ಲೆ ಸವೆದಿಲ್ಲವೆಂದು ಅಂಚು ಮುಟ್ಟಿ ನೋಡಿದಳು.

"ಶೆದ್ಲಿ ಭಾವ, ಬೆಳಿಗ್ಗೆ ಗೇಟ್ ಎಷ್ಟೊತ್ತಿಗೆ ತೆಗೀತೀರಿ?"

"ಬೆಳಗಿನ ನಮಾಜ್ ಮುಗೀತಿದ್ದ ಹಾಗೇ. ಯಾಕೆ ದಲೆಂದಾ, ಹೊರಡೋ ಮೊದ್ಲು ದೋಣಿಗೆ ಧೂಪ ಹಾಕ್ಬೇಕಾ?"

"ಹೂಂ," ಎಂದಳು ದಲೆಂದಾ. "ಸ್ವಲ್ಪ ಕೆಲಸ ಉಳಿದಿದೆ."

ಚೀಲವನ್ನು ಹೆಗಲಿಗೇರಿಸಿ, ರಾತ್ರಿಯ ಸಾರಿಗೆ ಕೊತ್ತಂಬರಿ ಕೊಳ್ಳಲೆಂದು ಮಾರುಕಟ್ಟೆಯ ಹಾದಿ ಹಿಡಿದಳು.